ಹೈಫಾದ ಕುದುರೆಸಾಲು ಮತ್ತು ನಿಮ್ಮ ಮೋಹಿನಿ

ನಮಸ್ಕಾರ.

ನೀವು ಕಳಿಸಿದ ‘ಕಾರ್ಮೆಲ್ ಬೆಟ್ಟದ ಮೋಹಿನಿ’ ಕಥೆಯನ್ನು ಎರಡು ಸಲ ಓದಿದ್ದೇವೆ. ಈಗಿರುವ ಹಾಗೆ ಅದನ್ನು ಪ್ರಕಟಿಸಲು ಆಗುವುದಿಲ್ಲ. ಹಾಗಂತ ಕೈಬಿಡಿ ಎನ್ನಲೂ ಮನಸ್ಸಿಲ್ಲ. ಒಂಬತ್ತನೆಯ ಪುಟದಲ್ಲಿ ನೀವು ಬರೆದು ಅಲ್ಲೇ ಬಿಟ್ಟುಹೋದ ಒಂದು ಸಾಲಿದೆ: ‘ಸತ್ತ ಸವಾರನ ಕುದುರೆ ಕರಿಯ, ಯಾರೂ ಇಲ್ಲದ ಕತ್ತಲಿನ ಕಡೆ ಮುಖ ತಿರುಗಿಸಿ, ಹುರುಳಿ ತರುವವನನ್ನು ಕಂಡಾಗ ಮಾಡುವಂಥ ಮೆಲುದನಿ ಮಾಡಿತು.’ ಇಪ್ಪತ್ತೆರಡು ಪುಟಗಳಲ್ಲಿ ನಮಗೆ ನಿಜವಾಗಿ ಭಯವಾದದ್ದು ಅಲ್ಲಿ ಮಾತ್ರ. ನಿಮ್ಮ ಕಥೆ ಇರುವುದೂ ಅಲ್ಲೇ. ಉಳಿದ ಪುಟಗಳು ಅದರ ಮೇಲೆ ಮಣ್ಣು ಎಳೆದಿವೆ.

ಈಗ ಕಥೆ ಹೀಗಿದೆ. ಮೊದಲ ಮಹಾಯುದ್ಧದ ಕೊನೆಯ ವರ್ಷ, 1918ರ ಸೆಪ್ಟೆಂಬರ್ 23, ತುರ್ಕರ ಕೈಯಲ್ಲಿದ್ದ ಪ್ಯಾಲೆಸ್ಟೀನಿನ ಹೈಫಾ. ಮೈಸೂರು ಸಂಸ್ಥಾನದ ಈಟಿ ಸವಾರರ ಪಡೆಯಾದ ಮೈಸೂರು ಲ್ಯಾನ್ಸರ್ಸ್‌ನ ಹವಾಲ್ದಾರ್ ರಂಗಪ್ಪ ಅಮಾವಾಸ್ಯೆಯ ರಾತ್ರಿ ಊರಿಗೆ ನುಗ್ಗುತ್ತಾನೆ. ಬಿಳಿ ಸೀರೆಯ, ಗೆಜ್ಜೆ ಕಟ್ಟಿದ ಹೆಂಗಸೊಬ್ಬಳು ಕಾರ್ಮೆಲ್ ಬೆಟ್ಟದಿಂದ ಇಳಿದು ಬಂದು ಏಳು ಜನರನ್ನು ಕೊಲ್ಲುತ್ತಾಳೆ. ಕೊನೆಗೆ ಅವಳು ರಂಗಪ್ಪನ ಊರಿನಲ್ಲಿ ಬಾವಿಗೆ ಬಿದ್ದು ಸತ್ತ ಅವನ ಹೆಂಡತಿ ಎಂದು ತಿಳಿಯುತ್ತದೆ.

ಯುದ್ಧದ ಕಥೆಯಲ್ಲಿ ದೆವ್ವ ತರುವವರಿಗೆ ಮೊದಲ ತೊಡಕು ಇದು: ಓದುಗನ ಕಣ್ಣ ಮುಂದೆ ಆಗಲೇ ಹೆಣಗಳು ಬಿದ್ದಿವೆ. ನಿಮ್ಮ ಮೋಹಿನಿ ಕೊಲ್ಲುವುದು ಏಳು ಜನರನ್ನು. ಆರನೆಯ ಪುಟದ ಮೆಷಿನ್‌ಗನ್ನು ಅರ್ಧ ನಿಮಿಷದಲ್ಲಿ ಅಷ್ಟು ಜನರನ್ನು ಉರುಳಿಸಿ ಆಗಿದೆ. ಕೊಲ್ಲುವುದರಲ್ಲಿ ದೆವ್ವ ಯುದ್ಧದ ಜೊತೆ ಪೈಪೋಟಿಗೆ ಇಳಿದರೆ ಸೋಲುವುದು ದೆವ್ವವೇ. ಯುದ್ಧ ದಿನವೂ ಕಳೆಯುತ್ತಾ ಹೋಗುತ್ತದೆ. ಸಂಜೆಯ ಹಾಜರಿಯಲ್ಲಿ ನಿನ್ನೆಗಿಂತ ಇವತ್ತು ಕಡಿಮೆ. ನಿಮ್ಮ ದೆವ್ವ ಕೂಡಿಸಲಿ. ಇರಬಾರದ ಒಂದು ಹೆಚ್ಚಾಗಿ ಕಂಡರೆ ಸಾಕು, ಸವಾರನಿಗೂ ಓದುಗನಿಗೂ ನಿದ್ದೆ ಬರುವುದಿಲ್ಲ.

ಹೈಫಾದ ಲೆಕ್ಕ ನಿಮ್ಮ ಪರವಾಗಿಯೇ ಇದೆ. ಆ ದಿನ ಮೈಸೂರು, ಜೋಧ್‌ಪುರ, ಹೈದರಾಬಾದ್ ಸಂಸ್ಥಾನಗಳ ಸವಾರರಿದ್ದ 15ನೆಯ ಇಂಪೀರಿಯಲ್ ಸರ್ವಿಸ್ ಅಶ್ವದಳ ಬ್ರಿಗೇಡಿನಲ್ಲಿ ಸತ್ತವರು 8 ಜನ, ಗಾಯಗೊಂಡವರು 34. ಸತ್ತ ಕುದುರೆಗಳು 60, ಗಾಯಗೊಂಡವು 83. ಮನುಷ್ಯರಿಗಿಂತ ಏಳೂವರೆ ಪಟ್ಟು ಕುದುರೆಗಳು ಸತ್ತಿವೆ. ಆ ರಾತ್ರಿಯ ದಂಡಿನಲ್ಲಿ ಕುದುರೆಯಿಲ್ಲದ ಸವಾರರು ಎಷ್ಟೋ ಜನ, ಸವಾರನಿಲ್ಲದ ಕುದುರೆಗಳು ಕೆಲವೇ ಕೆಲವು. ಕರಿಯ ಆ ಕೆಲವರಲ್ಲೊಬ್ಬ. ಇಷ್ಟು ದೊಡ್ಡ ಸಂಗತಿ ಕೈಯಲ್ಲಿಟ್ಟುಕೊಂಡು ಗೆಜ್ಜೆ ಸದ್ದಿನ ಹಿಂದೆ ಯಾಕೆ ಹೋದಿರಿ?

ಕರಿಯನ ಆ ಒಂದು ವಾಕ್ಯವನ್ನು ಮೂರು ರಾತ್ರಿಗಳಿಗೆ ಹಿಗ್ಗಿಸಿ. ರಂಗಪ್ಪನ ತುಕಡಿಯಲ್ಲಿ 30 ಕುದುರೆ ಇದ್ದವು ಎಂದುಕೊಳ್ಳಿ. 4 ಸತ್ತಿವೆ, 3 ಗಾಯವಾಗಿ ಬೇರೆ ಕಡೆ ಇವೆ. ಉಳಿದದ್ದು 23. ಈ ಲೆಕ್ಕವನ್ನು ಓದುಗನಿಗೆ ಮೊದಲ ಪುಟದಲ್ಲೇ, ಕೆಲಸದ ಮಾತಾಗಿ, ಒಮ್ಮೆ ಮಾತ್ರ ಹೇಳಿ. ಒತ್ತಿ ಹೇಳಿದರೆ ಅವನು ಎಚ್ಚರವಾಗಿಬಿಡುತ್ತಾನೆ.

ಮೊದಲ ರಾತ್ರಿ ರಂಗಪ್ಪ ದಣಿದು, ಕುದುರೆಯ ಮೂತಿಗೆ ಕಟ್ಟುವ 22 ಮೂತಿಚೀಲಗಳಿಗೆ ಮಾತ್ರ ಕಾಳು ತುಂಬುತ್ತಾನೆ. ಸವಾರ ಸತ್ತಿರುವ ಕರಿಯನನ್ನು ಯಾರೂ ನೆನೆಸಿಕೊಂಡಿಲ್ಲ. ಬೆಳಿಗ್ಗೆ ನೋಡಿದರೆ ಕರಿಯನ ಚೀಲದ ತಳ ಎಂಜಲಿನಿಂದ ಒದ್ದೆಯಾಗಿದೆ, ಹೊಟ್ಟು ಅಂಟಿದೆ. ಯಾರೋ ಹಾಕಿರಬೇಕು ಅಂತ ರಂಗಪ್ಪನೂ ಓದುಗನೂ ಅಂದುಕೊಳ್ಳಬೇಕು. ಎರಡನೆಯ ರಾತ್ರಿ ಅವನು ಆ ಚೀಲವನ್ನು ತನ್ನ ತಲೆಯ ಕೆಳಗೆ ಇಟ್ಟುಕೊಂಡು ಮಲಗಲಿ. ಬೆಳಿಗ್ಗೆ ಚೀಲ ಒಣಗಿಯೇ ಇದೆ, ಆದರೆ ಕರಿಯನ ಬೆನ್ನಿನ ಮೇಲಿದ್ದ ಜೀನಿನ ಬೆವರುಗಲೆ ಹೋಗಿದೆ. ಮೈಯನ್ನು ಯಾರೋ ಉಜ್ಜಿದ್ದಾರೆ, ಭುಜದ ಹತ್ತಿರ ಕೂದಲು ಹಿಂದುಮುಂದಾಗಿ ನಿಂತಿದೆ. ಸತ್ತವನು ಎಡಗೈಯವನು, ಅವನು ಉಜ್ಜಿದರೆ ಹಾಗೇ ಆಗುತ್ತಿತ್ತು ಎಂದು ಇದಕ್ಕೂ ಮೊದಲೇ, ಅವನು ಬದುಕಿದ್ದಾಗಿನ ತಮಾಷೆಯ ಮಾತಾಗಿ ಬಂದಿರಬೇಕು. ಇಲ್ಲಿ ವಿವರಿಸಲು ಹೋದರೆ ಕೆಟ್ಟಿತು. ಮೂರನೆಯ ರಾತ್ರಿಯ ಮಾತು ಮುಂದೆ ಹೇಳುತ್ತೇವೆ.

ಕುದುರೆಗಳು ದೆವ್ವ ಕಂಡು ಬೆದರುವುದು, ಕೆನೆಯುವುದು, ಹಗ್ಗ ಹರಿಯುವುದು ಹಳೆಯ ಹತ್ಯಾರ. ನಿಮ್ಮಲ್ಲಿ ಐದು ಕಡೆ ಇದೆ, ಐದನ್ನೂ ತೆಗೆಯಿರಿ. ಗುಂಡಿನ ಸದ್ದಿಗೆ ಪಳಗಿದ ದಂಡಿನ ಕುದುರೆ ಅದು. ಅದು ಬೆದರದೆ ಇರುವುದೇ, ಗುರುತಿನವರು ಬಂದ ಹಾಗೆ ಹಗುರಾಗಿ ನಿಲ್ಲುವುದೇ ಹೆಚ್ಚು ಭಯ. ಕುದುರೆಯ ಕಿವಿಗಳನ್ನು ಬಳಸಿ. ಎರಡೂ ಕಿವಿ ಬೇರೆಬೇರೆಯಾಗಿ ತಿರುಗುತ್ತವೆ, ಎಲ್ಲಿ ಗಮನವೋ ಅಲ್ಲಿಗೆ. ಯಾರೋ ಸಾಲಿನುದ್ದಕ್ಕೂ ನಡೆದುಹೋದರೆ ಇಪ್ಪತ್ಮೂರು ಜೊತೆ ಕಿವಿಗಳು ಒಂದರ ಹಿಂದೆ ಒಂದು ತಿರುಗುತ್ತವೆ. ನಡೆಯುವವನನ್ನು ತೋರಿಸಬೇಡಿ, ಕಿವಿಗಳನ್ನು ತೋರಿಸಿ.

ಇನ್ನು ಅಮಾವಾಸ್ಯೆ. ಅವತ್ತು ಅಮಾವಾಸ್ಯೆ ಇರಲಿಲ್ಲ. ಇದನ್ನು ನೀವೇ ಲೆಕ್ಕ ಹಾಕಬಹುದು. 1918ರ ಜೂನ್ 8ರಂದು ಅಮೆರಿಕದ ಮೇಲೆ ಖಗ್ರಾಸ ಸೂರ್ಯಗ್ರಹಣ ಆಯಿತು. ಸೂರ್ಯಗ್ರಹಣವೆಂದರೆ ಅಮಾವಾಸ್ಯೆ. ಅಲ್ಲಿಂದ ಇಪ್ಪತ್ತೊಂಬತ್ತೂವರೆ ದಿನ ಕೂಡಿಸುತ್ತಾ ಬಂದರೆ ಸೆಪ್ಟೆಂಬರ್ 5ರ ಸುಮಾರಿಗೆ ಅಮಾವಾಸ್ಯೆ, 20ರ ಸುಮಾರಿಗೆ ಹುಣ್ಣಿಮೆ. ಅಂದರೆ 23ರಂದು ಹುಣ್ಣಿಮೆ ಕಳೆದು ಮೂರು ದಿನ. ಹೊತ್ತು ಮುಳುಗಿದ ಮೇಲೆ ಒಂದೆರಡು ಗಂಟೆ ಕತ್ತಲೆ, ಆಮೇಲೆ ಪೂರ್ವದಲ್ಲಿ ತುಸು ಸವೆದ ಚಂದ್ರ. ಕಥೆಗಾರನಿಗೆ ಇದು ಅಮಾವಾಸ್ಯೆಗಿಂತ ಒಳ್ಳೆಯದು: ಕೇಳಿಸುವುದೆಲ್ಲ ಆ ಕತ್ತಲಿನ ಗಂಟೆಗಳಲ್ಲಿ ಆಗಲಿ, ಕಾಣಿಸುವುದು ಚಂದ್ರ ಬಂದ ಮೇಲೆ.

ಆ ಲೆಕ್ಕದಿಂದ ಇನ್ನೊಂದು ಸಂಗತಿ ಸಿಗುತ್ತದೆ, ಅದು ನಿಮ್ಮ ಕಥೆಯ ಬೆನ್ನುಮೂಳೆ ಆಗಬಲ್ಲದು. ಕಾಳಯುಕ್ತಿ ಸಂವತ್ಸರದ ಭಾದ್ರಪದ ಬಹುಳ ಅದು. ಪಿತೃಪಕ್ಷ! ಹೈಫಾದಲ್ಲಿ ಕಾಳಗ ನಡೆಯುವಾಗ ಮೈಸೂರು ಸೀಮೆಯ ಮನೆಗಳಲ್ಲಿ ಹಿರಿಯರಿಗೆ ಎಡೆ ಇಡುವ ದಿನಗಳು. ಸತ್ತವರು ಹಸಿದು ಮನೆ ಬಾಗಿಲಿಗೆ ಬರುತ್ತಾರೆ ಎಂದು ನಂಬಿದ ಸವಾರನ ತಲೆಯಲ್ಲಿ ಆ ರಾತ್ರಿ ಏನಿರುತ್ತದೆ? ಮೊನ್ನೆ ಸತ್ತ ಗೆಳೆಯನಿಗೆ ಹನ್ನೊಂದನೆಯ ದಿನವೂ ಇಲ್ಲ, ಹನ್ನೆರಡನೆಯ ದಿನವೂ ಇಲ್ಲ, ಎಡೆ ಇಡಲು ಮನೆಯೂ ಇಲ್ಲ. ಇರುವುದು ಒಂದು ಕುದುರೆ, ಒಂದು ಕಾಳಿನ ಚೀಲ. ಈ ಹಸಿವು ನಿಮ್ಮ ಮೂತಿಚೀಲಕ್ಕೆ ತಾನಾಗಿಯೇ ಬಂದು ಸೇರುತ್ತದೆ. ನೀವು ಹೇಳುವುದು ಬೇಡ. ರಂಗಪ್ಪ ‘ಊರಲ್ಲಿ ಈಗ ಎಡೆ ಇಡ್ತಿರ್ತಾರೆ’ ಎಂದು ಒಮ್ಮೆ ಅಂದರೆ ಸಾಕು.

ಮೋಹಿನಿ ಅಲ್ಲಿಗೆ ಹೊಂದುವುದಿಲ್ಲ. ನಮ್ಮ ಮೋಹಿನಿ ಜಾಗಕ್ಕೆ ಕಟ್ಟುಬಿದ್ದವಳು. ಅವಳ ಹುಣಸೆಮರ, ಅವಳ ಹಾಳುಬಾವಿ, ಅವಳ ಊರಿನ ಗಡಿ. ಸಮುದ್ರ ದಾಟಿ ಬಂದ ಕಾರಣವನ್ನು ನೀವು ಕೊಟ್ಟಿಲ್ಲ. ಆ ನೆಲದ ನಂಬಿಕೆಗಳೂ ಬರಿದಾಗಿಲ್ಲ. ಬಾವಿಯಲ್ಲಿ, ಸೆಲೆಯಲ್ಲಿ ಜಿನ್ನುಗಳಿರುತ್ತವೆ ಎಂಬ ಪ್ಯಾಲೆಸ್ಟೀನಿನ ಹಳ್ಳಿಗರ ನಂಬಿಕೆಯನ್ನು ತೌಫೀಕ್ ಕನಾನ್ ಎಂಬ ಅಲ್ಲಿನ ವೈದ್ಯರು ಆ ಕಾಲದಲ್ಲೇ ದಾಖಲಿಸಿದ್ದಾರೆ. ಮೈಸೂರು ಪಡೆಯಲ್ಲಿ ಮುಸ್ಲಿಂ ಸವಾರರೂ ಇದ್ದರು. ಜಿನ್ನಿನ ಮಾತು ಬಂದರೆ ಅವರಿಗೂ ಆ ಊರಿನವರಿಗೂ ನಡುವೆ ಅರ್ಥ ಹೇಳುವವರು ಬೇಕಾಗುವುದಿಲ್ಲ. ನಿಮ್ಮ ಕಥೆಯಲ್ಲಿ ಒಬ್ಬ ಮುಸ್ಲಿಂ ಪಾತ್ರವೂ ಇಲ್ಲದಿರುವುದು ದೊಡ್ಡ ಕೊರತೆ. ಹೈಫಾ ಪಕ್ಕದ ಕಿಶೋನ್ ಹೊಳೆಯನ್ನು ಬರೀ ‘ನದಿ’ ಎಂದು ದಾಟಿಸಿದ್ದೀರಿ. ಬೈಬಲಿನಲ್ಲಿ ಸೈನ್ಯವನ್ನು ಕೊಚ್ಚಿಕೊಂಡು ಹೋದ ಹೊಳೆ ಅದು, ಪ್ರವಾದಿ ಎಲೀಯನು ಬಾಳನೆಂಬ ದೇವರ ಪ್ರವಾದಿಗಳನ್ನು ಕೊಂದದ್ದೂ ಅದರ ದಡದಲ್ಲಿ. 1918ರಲ್ಲೂ ಅದರ ದಡದ ಹುದುಲು ಮರಳಿನಿಂದಾಗಿ ಜೋಧ್‌ಪುರದ ಸವಾರರು ದಾಟಲಾಗದೆ ದಾಳಿಯ ದಿಕ್ಕನ್ನೇ ಬದಲಿಸಬೇಕಾಯಿತು. ಕುದುರೆಗಳಿಗೆ ನೀರು ಕುಡಿಸುವ ದೃಶ್ಯಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಬೇಕೆ? ಆ ಬಿಸಿಲಿನಲ್ಲಿ ಒಂದು ಕುದುರೆ ದಿನಕ್ಕೆ 30–40 ಲೀಟರ್ ಕುಡಿಯುತ್ತದೆ. ಅಂದರೆ ನಿಮ್ಮವರು ಎಷ್ಟೇ ಹೆದರಿದರೂ ಮತ್ತೆ ಮತ್ತೆ ಆ ದಡಕ್ಕೆ ಹೋಗಲೇಬೇಕು.

ಕೆಲವು ತಪ್ಪುಗಳನ್ನು ಬೇಗ ಹೇಳಿಬಿಡುತ್ತೇವೆ. ಅಶ್ವದಳದಲ್ಲಿ ಹವಾಲ್ದಾರ್ ಇಲ್ಲ, ದಫೇದಾರ್. ಸಿಪಾಯಿ ಇಲ್ಲ, ಸವಾರ. ರಾತ್ರಿ ದಾಳಿ ನಡೆಯಲಿಲ್ಲ. ಜೋಧ್‌ಪುರದವರು ನುಗ್ಗಿದ್ದು ಮಧ್ಯಾಹ್ನ ಎರಡರ ಸುಮಾರಿಗೆ. ಮೈಸೂರಿನ ಒಂದು ಸ್ಕ್ವಾಡ್ರನ್ ಅದಕ್ಕೂ ಮೊದಲೇ ಕಾರ್ಮೆಲ್ ಬೆಟ್ಟ ಹತ್ತಿ ಮೇಲಿದ್ದ ಫಿರಂಗಿಗಳ ಕಡೆ ಹೋಗಿತ್ತು. ಹೈದರಾಬಾದಿನವರನ್ನು ಕಾಳಗದ ನಡುವೆ ತಂದಿದ್ದೀರಿ, ಅವರು ಅವತ್ತು ಆ ದಾಳಿಯಲ್ಲಿ ಇರಲಿಲ್ಲ. ಈಟಿಯ ಹಿಡಿ ಬಿದಿರಿನದು, ಸುಮಾರು ಒಂಬತ್ತು ಅಡಿ. ಅದನ್ನು ಹಿಡಿದುಕೊಂಡೇ ರಂಗಪ್ಪ ಗುಹೆಯೊಳಗೆ ಓಡಲಾರ. ಸತ್ತ ನಿಜವಾದ ಸೈನಿಕರ ಹೆಸರನ್ನು ಪಾತ್ರಗಳಿಗೆ ಇಡಬೇಡಿ.

ಭ್ರಮೆಯೋ ನಿಜವೋ ಎಂಬ ಅನುಮಾನಕ್ಕೆ ನೀವು ಹೆಂಡದ ಮೊರೆ ಹೋಗಿದ್ದೀರಿ. ಬೇಡ. ಆ ಬೇಸಿಗೆಯನ್ನು ಈ ದಂಡು ಜೋರ್ಡಾನ್ ಕಣಿವೆಯಲ್ಲಿ ಕಳೆದಿತ್ತು, ಧೂಳು ಮತ್ತು ಮಲೇರಿಯದ ನಡುವೆ. ಮಲೇರಿಯಕ್ಕೆ ಕ್ವಿನೈನ್. ಕ್ವಿನೈನ್ ಹೆಚ್ಚಾದರೆ ಕಿವಿಯಲ್ಲಿ ಗುಂಯ್‌ಗುಡುತ್ತದೆ. ಜೊತೆಗೆ ಸೆಪ್ಟೆಂಬರ್ 19ರಿಂದ ಓಡುತ್ತಲೇ ಇದ್ದವರ ನಿದ್ದೆಗೇಡು. ಇಷ್ಟು ಗಟ್ಟಿಯಾದ ಅನುಮಾನ ಕಥೆಯ ಅರ್ಧದವರೆಗೆ ಸಾಕು. ಕೊನೆಯಲ್ಲಿ ಮಾತ್ರ ‘ಎಲ್ಲ ಜ್ವರದ ಕನಸು’ ಎಂದು ತಪ್ಪಿಸಿಕೊಳ್ಳಬೇಡಿ, ಓದುಗ ಕ್ಷಮಿಸುವುದಿಲ್ಲ.

ಭಾಷೆಯ ವಿಷಯ. ‘ಎದೆ ಝಲ್ಲೆಂದಿತು’ ಹನ್ನೊಂದು ಸಲ, ‘ರಕ್ತ ಹೆಪ್ಪುಗಟ್ಟಿತು’ ನಾಲ್ಕು ಸಲ ಬಂದಿದೆ. ನಿಮ್ಮ ಒಂದು ವಾಕ್ಯ ನೋಡಿ: ‘ಭಯಾನಕವಾದ ಆ ನಿಶ್ಶಬ್ದದಲ್ಲಿ ಯಾವುದೋ ಅಗೋಚರ ಶಕ್ತಿ ತನ್ನನ್ನೇ ದಿಟ್ಟಿಸುತ್ತಿರುವಂತೆ ಭಾಸವಾಗಿ ರಂಗಪ್ಪನ ಮೈಯೆಲ್ಲ ಬೆವೆತುಹೋಯಿತು.’ ಇದರಲ್ಲಿ ಒಂದು ವಸ್ತುವೂ ಇಲ್ಲ. ಹೀಗಿದ್ದರೆ? ‘ಸಾಲಿನ ಕುದುರೆಗಳೆಲ್ಲ ಮೇಯುವುದನ್ನು ನಿಲ್ಲಿಸಿದವು. ಕರಿಯನೊಬ್ಬ ಅಗಿಯುತ್ತಲೇ ಇದ್ದ. ಅವನ ಮುಂದೆ ಹುಲ್ಲಿರಲಿಲ್ಲ.’ ಭಯದ ಹೆಸರು ಹೇಳದೆ ಅದಕ್ಕೆ ಕಾರಣವಾದದ್ದನ್ನು ಇಟ್ಟು ಮುಂದೆ ನಡೆಯಿರಿ. ವರದಿಯಂಥ ತಣ್ಣಗಿನ ಧಾಟಿಗೆ ಎಷ್ಟು ಬಲವಿದೆ ಎಂಬುದಕ್ಕೆ ಅದೇ ಯುದ್ಧದಲ್ಲಿ ಸಾಕ್ಷಿಯಿದೆ. 1914ರ ಆಗಸ್ಟಿನಲ್ಲಿ ಬೆಲ್ಜಿಯಮ್ಮಿನ ಮಾನ್ಸ್ ಕಾಳಗವಾಗಿ ಒಂದು ತಿಂಗಳಿಗೆ ಲಂಡನ್ನಿನ ಸಂಜೆಪತ್ರಿಕೆಯೊಂದು ಪುಟ್ಟ ಕಥೆ ಅಚ್ಚು ಹಾಕಿತು. ಹಳೆಯ ಕಾಲದ ಬಿಲ್ಲುಗಾರರು ಬಂದು ಬ್ರಿಟಿಷ್ ಸೈನಿಕರನ್ನು ಕಾಪಾಡಿದರು ಎಂದು. ಜನ ಅದನ್ನು ನಡೆದದ್ದೆಂದೇ ನಂಬಿದರು. ಬಿಲ್ಲುಗಾರರು ಬಾಯಿಂದ ಬಾಯಿಗೆ ದೇವದೂತರಾದರು. ಇದು ನಾನು ಕಟ್ಟಿದ್ದು ಎಂದು ಬರೆದವರೇ ಹೇಳಿದರೂ ಯಾರೂ ಕೇಳಲಿಲ್ಲ.

ಮೊದಲ ನಾಲ್ಕು ಪುಟಗಳ ಇತಿಹಾಸವನ್ನು ಪೂರ್ತಿ ತೆಗೆಯಿರಿ. ಸುಯೆಜ್, ಗಾಜಾ, ಸಾಮ್ರಾಜ್ಯಗಳ ಜಗಳ ಯಾವುದೂ ಬೇಡ. ಕಥೆ ಮೂತಿಚೀಲಕ್ಕೆ ಕಾಳು ತುಂಬುವುದರಿಂದ ಶುರುವಾಗಲಿ.

ಈಗ ಮೂರನೆಯ ರಾತ್ರಿ. ರಂಗಪ್ಪನ ಹೆಂಡತಿಯನ್ನು ನೀವು ಬಾವಿಗೆ ನೂಕಿದ್ದೀರಿ, ಕಾರಣ ಹೇಳಿಲ್ಲ. ಅವಳನ್ನು ಉಳಿಸಿಕೊಳ್ಳಿ, ಬಾವಿಯನ್ನು ಬಿಡಿ. 1918ರ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಇನ್‌ಫ್ಲುಯೆಂಜಾ ಬೆಂಗಳೂರು, ಮೈಸೂರುಗಳಿಗೆ ನುಗ್ಗಿ ಮನೆಮನೆ ಖಾಲಿ ಮಾಡಿತು. ಅದೇ ಹೊತ್ತಿಗೆ ಈ ದಂಡು ಹೈಫಾ ಬಿಟ್ಟು ಉತ್ತರಕ್ಕೆ ಸಾಗಿತ್ತು. ಅಕ್ಟೋಬರ್ 26ರಂದು ಸಿರಿಯಾದ ಅಲೆಪ್ಪೊ ಹತ್ತಿರದ ಹರಿತಾನ್‌ನಲ್ಲಿ ಮತ್ತೆ ಕಾದಾಡಿತು. ಎಲ್ಲರೂ ಸಾವನ್ನು ಈಟಿಯ ತುದಿಯಲ್ಲಿ ಕಾಯುತ್ತಿರುವಾಗ ಅದು ಬೆಂಗಳೂರಿನ ದಂಡಿನ ಲೈನಿನ ಮನೆಗೆ ಹೋಗಿರುತ್ತದೆ.

ರಂಗಪ್ಪ 1914ರಲ್ಲಿ ಹೊರಡುವ ಮುಂಚೆ ಅವಳು ಅವನ ಕುದುರೆಗೆ ಸೆರಗಿನಲ್ಲಿ ಬೆಲ್ಲ ಕಟ್ಟಿಕೊಂಡು ಬಂದು ತಿನ್ನಿಸುತ್ತಿದ್ದಳು ಎಂದು ಎರಡನೆಯ ಪುಟದಲ್ಲಿ ನೀವೇ ಬರೆದಿದ್ದೀರಿ. ಹರಿತಾನ್ ಕಾಳಗದ ರಾತ್ರಿ ಕರಿಯ ಸುಮ್ಮನಿರಲಿ. ಮೆಲುದನಿ ಮಾಡುವುದು ರಂಗಪ್ಪನ ಕುದುರೆ. ರಂಗಪ್ಪ ಅದರ ಎದುರಿಗೇ ನಿಂತಿದ್ದಾನೆ, ಆದರೆ ಅದರ ಎರಡೂ ಕಿವಿ ಅವನ ಭುಜದ ಆಚೆಗೆ. ತುಟಿ ಚಾಚಿ ಗಾಳಿಯಲ್ಲಿ ಏನನ್ನೋ ನೆಕ್ಕುತ್ತದೆ. ಅವನು ತಿರುಗಿ ನೋಡಬೇಕೋ ಬೇಡವೋ ನೀವು ನಿರ್ಧರಿಸಿ. ನಮ್ಮನ್ನು ಕೇಳಿದರೆ ನೋಡದಿರುವುದೇ ಮೇಲು. ಊರಿನ ಕಾಗದ ವಾರಗಟ್ಟಲೆ ತಡವಾಗಿ ಬರುತ್ತದೆ. ಅವನು ಅದನ್ನು ಒಡೆಯುವ ಮುಂಚೆಯೇ ಕಥೆ ನಿಲ್ಲಲಿ. ಅಂದಹಾಗೆ ರಂಗಪ್ಪ ಊರಿಗೆ ಬರೆದ ಕಾಗದದಲ್ಲಿ ‘ನಾವು ಹೈಫಾ ಗೆದ್ದೆವು’ ಎಂದಿದೆ. ಸೈನಿಕರ ಕಾಗದಗಳನ್ನು ಸೆನ್ಸಾರಿನವರು ಓದುತ್ತಿದ್ದರು. ಜಾಗದ ಹೆಸರು ಉಳಿಯುವುದಿಲ್ಲ.

ಈಗ 6,200 ಪದಗಳಿವೆ, 3,500ಕ್ಕೆ ಇಳಿಸಿ. ದೆವ್ವ ಎಂಬ ಪದ ಎಲ್ಲೂ ಬರದಿರಲಿ. ಶೀರ್ಷಿಕೆಯೂ ಬದಲಾಗಬೇಕು. ತಿದ್ದಿ ಮುಗಿಸಿದ ಮೇಲೆ ಒಮ್ಮೆ ಗಟ್ಟಿಯಾಗಿ ಓದಿ, ನಾಲಿಗೆ ತೊಡರಿದ ಕಡೆಯೆಲ್ಲ ಗುರುತು ಹಾಕಿ, ಎರಡು ತಿಂಗಳೊಳಗೆ ಕಳಿಸಿ. ನಾವು ಕಾಯುತ್ತೇವೆ. ಕರಿಯನ ಹೆಸರು ಮಾತ್ರ ಬದಲಿಸಬೇಡಿ.