ಪ್ರತಿಕ್ರಿಯೆ: ಸರ್ವರ್‌ನಲ್ಲಿ ರ‍್ಯಾಮ್ ಖಾಲಿಯಾಗಿದೆಯಾ?

2 ಜಿಬಿ ರ‍್ಯಾಮ್ ಇರುವ ವಿಪಿಎಸ್‌ನಲ್ಲಿ (ಬಾಡಿಗೆ ವರ್ಚುವಲ್ ಸರ್ವರ್) 'ಫ್ರೀ' ಕಮಾಂಡ್ ಕೊಟ್ಟರೆ 120 ಎಂಬಿ ಮಾತ್ರ ಉಳಿದಿದೆ ಅಂತ ತೋರಿಸುತ್ತಿದೆ, ದೊಡ್ಡ ಪ್ಲಾನ್ ತಗೊಳ್ಳಬೇಕಾ ಎಂದು ಕೇಳಿದ್ದೀರಿ. ದಯವಿಟ್ಟು ಈಗಲೇ ದುಡ್ಡು ಹಾಕಬೇಡಿ. ಸುಮ್ನೆ ಬಿದ್ದಿರುವ ರ‍್ಯಾಮ್ ಅನ್ನು ಲಿನಕ್ಸ್ ಡಿಸ್ಕ್ ಕ್ಯಾಶ್‌ಗೆ, ಅಂದ್ರೆ ಡಿಸ್ಕ್‌ನಿಂದ ಓದಿದ ಫೈಲ್‌ಗಳ ಪ್ರತಿ ಇಟ್ಟುಕೊಳ್ಳಲು, ಬಳಸಿಕೊಳ್ಳುತ್ತದೆ. ಪ್ರೋಗ್ರಾಂಗಳಿಗೆ ಬೇಕಾದಾಗ ಅದರಲ್ಲಿ ಹೆಚ್ಚಿನದನ್ನು ಬಿಟ್ಟುಕೊಡುತ್ತದೆ. 'ಫ್ರೀ' ತೋರಿಸುವ ಅದೇ ಸಾಲಿನ ಕೊನೆಯಲ್ಲಿ 'ಅವೈಲಬಲ್' ಅಂತ ಇದೆ ಅಲ್ವಾ, ಆ ಸಂಖ್ಯೆ ನೋಡಿ. 700–800 ಎಂಬಿ ಇದ್ದರೆ ಸದ್ಯಕ್ಕೆ ಚಿಂತೆ ಬೇಡ.

ನಿಜವಾದ ಕೊರತೆ ಗೊತ್ತಾಗುವುದು ಸ್ವಾಪ್‌ನಲ್ಲಿ, ಅಂದ್ರೆ ರ‍್ಯಾಮ್ ಸಾಲದಾಗ ಡಿಸ್ಕ್‌ನಲ್ಲಿ ಬಳಸುವ ಜಾಗದಲ್ಲಿ. 'ವಿಎಂಸ್ಟ್ಯಾಟ್ 1' ಕಮಾಂಡ್ ಓಡಿಸಿ, ಸೆಕೆಂಡಿಗೊಂದು ಸಾಲು ಬರುತ್ತದೆ. ಮೊದಲ ಸಾಲು ಬಿಡಿ, ಅದು ಸರ್ವರ್ ಶುರುವಾದಾಗಿನಿಂದ ಬಂದ ಸರಾಸರಿ. ಸ್ವಾಪ್ ಕೆಳಗಿನ ಎರಡು ಕಾಲಮ್‌ಗಳಲ್ಲಿ ಸೊನ್ನೆ ಬಿಟ್ಟು ಬೇರೆ ಸಂಖ್ಯೆ ಒಂದೇ ಸಮ ಬರುತ್ತಿದ್ದರೆ ಮೆಮೊರಿ ಸಾಲುತ್ತಿಲ್ಲ. ಕರ್ನಲ್ (ಲಿನಕ್ಸ್‌ನ ತಿರುಳು ಭಾಗ) ಬರೆದಿಡುವ ಲಾಗ್‌ನಲ್ಲಿ 'ಔಟ್ ಆಫ್ ಮೆಮೊರಿ' ಅಂತ ಇದ್ದರೂ ಅಷ್ಟೇ. ಆಗ ಹೆಚ್ಚಾಗಿ ಡೇಟಾಬೇಸ್ ಪ್ರೋಗ್ರಾಂ ಮೈಎಸ್‌ಕ್ಯೂಎಲ್ ಸಾಯುತ್ತದೆ, ಯಾಕಂದ್ರೆ ಕರ್ನಲ್ ಸಾಮಾನ್ಯವಾಗಿ ಜಾಸ್ತಿ ಮೆಮೊರಿ ತಿನ್ನುವುದನ್ನೇ ಆರಿಸಿ ನಿಲ್ಲಿಸುತ್ತದೆ.

ಹಾಗಾದರೂ ಮೊದಲು ಪಿಎಚ್‌ಪಿ-ಎಫ್‌ಪಿಎಂನ (ಸೈಟ್‌ನ ಪಿಎಚ್‌ಪಿ ಕೋಡ್ ಓಡಿಸುವ ಪ್ರೋಗ್ರಾಂ) 'ಮ್ಯಾಕ್ಸ್ ಚಿಲ್ಡ್ರನ್' ನೋಡಿ, ಒಮ್ಮೆಗೆ ಎಷ್ಟು ಪ್ರೊಸೆಸ್ ಓಡಬಹುದು ಅನ್ನುವ ಮಿತಿ ಅದು. ಒಂದೊಂದು ಪ್ರೊಸೆಸ್ 60 ಎಂಬಿ ತಿಂದರೆ, 50 ಪ್ರೊಸೆಸ್‌ಗೆ 3 ಜಿಬಿ ಬೇಕು! ನಿಮ್ಮ ಸರ್ವರ್‌ಗೆ 10–12 ಸಾಕು ಅನಿಸುತ್ತದೆ. ಜನ ಜಾಸ್ತಿ ಬರುವ ಹೊತ್ತಿನ ವಿಎಂಸ್ಟ್ಯಾಟ್ ಸಾಲುಗಳನ್ನು ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.