ಅಲರ್ಜಿ ಡಾಕ್ಟರ ಬಳಿ ಕರೆದೊಯ್ದದ್ದು ಯಾಕೆ?

ಕಳೆದ ಸಂಚಿಕೆಯಲ್ಲಿ ಅಮೆರಿಕದ ಗೂಢಚಾರ ಸಂಸ್ಥೆ ಸಿಐಎಯ ವೈದ್ಯಕೀಯ ವಿಭಾಗದ ಬಗ್ಗೆ ನಾವು ಪ್ರಕಟಿಸಿದ ಲೇಖನಕ್ಕೆ ಶಿವಮೊಗ್ಗ ಕಡೆಯ ಓದುಗರೊಬ್ಬರು ಏಳು ಪುಟಗಳ ಪತ್ರ ಬರೆದಿದ್ದಾರೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ದುಡಿದು ನಿವೃತ್ತರಾದ ವೈದ್ಯರು. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ತಿರುಳು ಇದು:

"ಗೂಢಚಾರ ಸಂಸ್ಥೆಯ ವೈದ್ಯರ ಮೇಲೆ ಹೊರಗಿನವರ ಸ್ವತಂತ್ರ ಮೇಲ್ವಿಚಾರಣೆ ಬೇಕು ಎಂದು ನಿಮ್ಮ ಲೇಖಕರು ವಾದಿಸಿದ್ದಾರೆ. ಅಲ್ಲಿ ಡಾಕ್ಟರು ಇದ್ದದ್ದರಿಂದಲೇ ಎಷ್ಟೋ ಕೈದಿಗಳು ಬದುಕಿರಬಹುದಲ್ಲವೇ? ವೈದ್ಯರಿಗೆ ಪ್ರತಿಜ್ಞೆ ಇದೆ, ಮೆಡಿಕಲ್ ಕೌನ್ಸಿಲ್ ಇದೆ. ಗುಟ್ಟಿನ ಮನೆಗೆ ಊರವರನ್ನೆಲ್ಲ ಕರೆದರೆ ಅದು ಗುಟ್ಟಿನ ಮನೆಯಾಗಿ ಉಳಿಯುತ್ತದೆಯೇ? ನಾನೂ ಠಾಣೆಯಿಂದ ಬಂದವರಿಗೆ ಗಾಯದ ಸರ್ಟಿಫಿಕೇಟ್ ಬರೆದವನು. ಪಕ್ಕದಲ್ಲೇ ಸಬ್ ಇನ್‌ಸ್ಪೆಕ್ಟರ್ ನಿಂತು ಪೆನ್ನಿನ ತುದಿ ನೋಡುತ್ತಿದ್ದರೂ ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದೇನೆ. ವೈದ್ಯನ ಮನಸ್ಸಾಕ್ಷಿ ಸಾಕು."

ಡಾಕ್ಟರೇ, ನಿಮ್ಮ ಮನಸ್ಸಾಕ್ಷಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ನೀವು ಬರೆದ ಆ ಸರ್ಟಿಫಿಕೇಟ್ ಎಲ್ಲಿಗೆ ಹೋಗುತ್ತಿತ್ತು? ಮ್ಯಾಜಿಸ್ಟ್ರೇಟರ ಮೇಜಿಗೆ. ಬಂಧಿಸಿದವನನ್ನು 24 ಗಂಟೆಯೊಳಗೆ ಅವರ ಮುಂದೆ ನಿಲ್ಲಿಸಬೇಕು. ಕಸ್ಟಡಿಯಲ್ಲಿರುವವನನ್ನು 48 ಗಂಟೆಗೊಮ್ಮೆ ವೈದ್ಯರು ನೋಡಬೇಕು ಎಂದು ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ಇದೆಲ್ಲ ನಮ್ಮಲ್ಲಿ ಎಷ್ಟು ಪಾಲನೆಯಾಗುತ್ತದೆ ಎಂಬುದು ನನಗಿಂತ ನಿಮಗೆ ಗೊತ್ತು. ಆದರೂ ನಿಮ್ಮ ಪೆನ್ನಿನ ತುದಿ ನೋಡುತ್ತಿದ್ದ ಆ ಅಧಿಕಾರಿಗೆ, ಕಾಗದ ತನ್ನ ಕೈ ದಾಟಿ ಹೋಗುತ್ತದೆ ಎಂಬ ಅಳುಕು ಇತ್ತಲ್ಲ, ನಿಮ್ಮ ಬೆನ್ನಿಗಿದ್ದದ್ದು ಆ ಅಳುಕು. ಅದೇ ಕಾಗದ ಅದೇ ಅಧಿಕಾರಿಯ ಕಪಾಟಿಗೆ ಮಾತ್ರ ಹೋಗುವಂತಿದ್ದರೆ?

ಸಿಐಎಯಲ್ಲಿ ಆದದ್ದು ಅದು. ಹಳೆಯ ಕತೆಯಿಂದ ಶುರು ಮಾಡುತ್ತೇನೆ. 1953ರ ನವೆಂಬರ್. ಮೇರಿಲ್ಯಾಂಡ್‌ನ ಡೀಪ್ ಕ್ರೀಕ್ ಸರೋವರದ ಬಳಿ ನಡೆದ ಒಂದು ಖಾಸಗಿ ಸಭೆಯಲ್ಲಿ, ಸಿಐಎಯ ರಸಾಯನಶಾಸ್ತ್ರಜ್ಞ ಸಿಡ್ನಿ ಗಾಟ್ಲೀಬ್ ತಂಡದವರು ಫ್ರಾಂಕ್ ಓಲ್ಸನ್ ಎಂಬ ಸೇನಾ ವಿಜ್ಞಾನಿಯ ಪಾನೀಯಕ್ಕೆ ಅವನಿಗೆ ಹೇಳದೆ, ಭ್ರಮೆ ಹುಟ್ಟಿಸುವ ಮದ್ದು ಎಲ್‌ಎಸ್‌ಡಿ ಬೆರೆಸಿದರು. ಎಂಕೆ-ಅಲ್ಟ್ರಾ ಎಂಬ, ಮದ್ದಿನಿಂದ ಮನಸ್ಸನ್ನು ಹಿಡಿತಕ್ಕೆ ತರುವ ಯೋಜನೆಯ ದಿನಗಳವು. ಓಲ್ಸನ್ನನ ಮನಸ್ಸು ಕದಡಿಹೋಯಿತು. ಚಿಕಿತ್ಸೆಗೆಂದು ನ್ಯೂಯಾರ್ಕಿಗೆ ಕರೆದೊಯ್ದರು. ಯಾರ ಬಳಿಗೆ? ಹೆರಾಲ್ಡ್ ಅಬ್ರಾಮ್‌ಸನ್ ಎಂಬ ವೈದ್ಯರ ಬಳಿಗೆ. ಅವರು ಮನೋವೈದ್ಯರಲ್ಲ, ಅಲರ್ಜಿ ತಜ್ಞರು. ಮನಸ್ಸು ಕೆಟ್ಟವನನ್ನು ಅಲರ್ಜಿ ಡಾಕ್ಟರ ಬಳಿ ಕರೆದೊಯ್ದದ್ದು ಯಾಕೆಂದರೆ, ಸಿಐಎ ಹಣದಲ್ಲಿ ಎಲ್‌ಎಸ್‌ಡಿ ಸಂಶೋಧನೆ ಮಾಡುತ್ತಿದ್ದ ಅವರಿಗೆ ಗುಟ್ಟು ಮೊದಲೇ ಗೊತ್ತಿತ್ತು. ರೋಗ ಬಲ್ಲವರಿಗಿಂತ ಗುಟ್ಟು ಬಲ್ಲವರು ಬೇಕಾಗಿದ್ದರು. ಕೆಲವೇ ದಿನಗಳಲ್ಲಿ ಓಲ್ಸನ್ ಹೋಟೆಲಿನ ಕಿಟಕಿಯಿಂದ ಬಿದ್ದು ಸತ್ತ. ಅವನಿಗೆ ಎಲ್‌ಎಸ್‌ಡಿ ಕೊಟ್ಟಿದ್ದರು ಎಂಬುದು ಮನೆಯವರಿಗೆ ತಿಳಿದದ್ದು 22 ವರ್ಷಗಳ ನಂತರ, 1975ರಲ್ಲಿ, ಹೊರಗಿನ ಆಯೋಗವೊಂದು ಕಡತ ಕೆದಕಿದಾಗ. ಅಷ್ಟರಲ್ಲಿ, 1973ರಲ್ಲಿ, ನಿರ್ದೇಶಕ ರಿಚರ್ಡ್ ಹೆಲ್ಮ್ಸ್ ಆದೇಶದ ಮೇರೆಗೆ ಆ ಯೋಜನೆಯ ಬಹುಪಾಲು ಕಡತಗಳು ನಾಶವಾಗಿದ್ದವು.

ಇನ್ನು ನಿಮ್ಮ ಮೊದಲ ಪ್ರಶ್ನೆ, ಡಾಕ್ಟರು ಇದ್ದದ್ದರಿಂದ ಜೀವ ಉಳಿದಿರಬಹುದಲ್ಲವೇ ಎಂಬುದು. ಉಳಿದಿರಬಹುದು, ಇದನ್ನು ತಳ್ಳಿಹಾಕುವುದಿಲ್ಲ. 2002ರ ನಂತರ ಸಿಐಎ ತನ್ನ ರಹಸ್ಯ ಸೆರೆಮನೆಗಳಲ್ಲಿ ಕೈದಿಗಳಿಗೆ ವಾಟರ್‌ಬೋರ್ಡಿಂಗ್ ಮಾಡಿತು: ಹಲಗೆಗೆ ಬಿಗಿದು, ಮುಖಕ್ಕೆ ಬಟ್ಟೆ ಹೊದಿಸಿ, ನೀರು ಸುರಿದು ಮುಳುಗಿ ಸಾಯುವ ಅನುಭವ ಕೊಡುವುದು. ಅಲ್ ಖೈದಾದವನೆಂದು ಹಿಡಿದಿದ್ದ ಅಬು ಜುಬೈದಾಗೆ 83 ಸಲ, 2001ರ ಸೆಪ್ಟೆಂಬರ್ 11ರ ದಾಳಿಯ ಆರೋಪಿ ಖಾಲಿದ್ ಶೇಖ್ ಮಹಮ್ಮದ್‌ಗೆ 183 ಸಲ. ಶುರುವಿನಲ್ಲಿ ಈ ವಿಧಾನಗಳ ಅಪಾಯ ಲೆಕ್ಕ ಹಾಕುವಾಗ ಸಂಸ್ಥೆಯ ವೈದ್ಯಕೀಯ ವಿಭಾಗವನ್ನೇ ಕೇಳಿರಲಿಲ್ಲ. ಅಷ್ಟು ಸಲ, ಅಷ್ಟು ತೀವ್ರವಾಗಿ ಮಾಡುವುದು ಸುರಕ್ಷಿತ ಎನ್ನಲು ಆಧಾರವೇ ಇರಲಿಲ್ಲ ಎಂದು ಆ ವಿಭಾಗ ನಂತರ ಹೇಳಿದ್ದು ಸಿಐಎಯ ಇನ್‌ಸ್ಪೆಕ್ಟರ್ ಜನರಲ್ (ಅಲ್ಲಿನ ಒಳತನಿಖೆಯ ಅಧಿಕಾರಿ) ಜಾನ್ ಹೆಲ್ಗರ್ಸನ್ ಅವರ 2004ರ ವರದಿಯಲ್ಲಿ ದಾಖಲಾಗಿದೆ. ಅಂದರೆ ಒಳಗೇ ಆಕ್ಷೇಪವಿತ್ತು. ಒಳಗೇ ಉಳಿಯಿತು ಕೂಡ.

ಡಾಕ್ಟರು ಕೋಣೆಯಲ್ಲಿ ಏನು ಮಾಡುತ್ತಿದ್ದರು? 2002ರ ಆಗಸ್ಟ್ 4ರಂದು ಸ್ಥಳದಲ್ಲಿದ್ದ ವೈದ್ಯಕೀಯ ಅಧಿಕಾರಿ ಕಳಿಸಿದ ಇಮೇಲ್, ಅಮೆರಿಕದ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನ ಸಮಿತಿ ಮುಂದೆ 2014ರಲ್ಲಿ ಹೊರತಂದ ವರದಿಯಲ್ಲಿದೆ. ಶೀರ್ಷಿಕೆ: ಶುರುವಾಯಿತು. ಮುಖದ ಮೇಲೆ ಬಟ್ಟೆ ಇದ್ದ ಅತಿ ದೀರ್ಘ ಅವಧಿ ಈವರೆಗೆ 17 ಸೆಕೆಂಡ್, ಸದ್ಯದಲ್ಲೇ ಇದು ಹೆಚ್ಚುವುದು ಖಚಿತ, ಎಂದು ಬರೆದಿದ್ದಾರೆ. ಇನ್ನು ವಿಭಾಗವೇ 2004ರ ಡಿಸೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ ನೋಡಿ. ಪ್ರತಿ ಸಲ ಎಷ್ಟು ಹೊತ್ತು, ಎಷ್ಟು ನೀರು (ಬಹಳಷ್ಟು ಚೆಲ್ಲಿಹೋಗುತ್ತದೆ ಎಂಬುದನ್ನು ಗಮನದಲ್ಲಿಟ್ಟುಕೊಳ್ಳಿ ಎಂದು ಬೇರೆ ಹೇಳುತ್ತದೆ), ಮೂಗು ಗಂಟಲು ತುಂಬಿತೇ, ಎಷ್ಟು ನೀರು ವಾಪಸ್ ಬಂತು, ಒಂದೊಂದು 'ಚಿಕಿತ್ಸೆ'ಯ ನಡುವೆ ಮನುಷ್ಯ ಹೇಗೆ ಕಾಣುತ್ತಿದ್ದ ಎಂದು ಬರೆದಿಡಬೇಕು. ಚಿಕಿತ್ಸೆ ಎಂಬುದು ನನ್ನ ಪದವಲ್ಲ, ಅವರದೇ. ಮುಂದಿನ ವೈದ್ಯಕೀಯ ತೀರ್ಮಾನಗಳಿಗೆ ಅನುಕೂಲವಾಗಲಿ ಎಂದು ಈ ಟಿಪ್ಪಣಿಯಂತೆ. ನೀವು ವಾರ್ಡಿನಲ್ಲಿ ಡ್ರಿಪ್ ಚಾರ್ಟ್ ಬರೆದವರು. ಇದನ್ನು ಓದಿದರೆ ಹೊಟ್ಟೆ ತೊಳಸುತ್ತದೆ ಎಂದುಕೊಂಡಿದ್ದೇನೆ.

ಇಷ್ಟೇ ಆಗಿದ್ದರೆ ಒಬ್ಬಿಬ್ಬರ ಕ್ರೌರ್ಯ ಎನ್ನಬಹುದಿತ್ತು. ಆದರೆ ಡಾಕ್ಟರು ಪಕ್ಕದಲ್ಲಿದ್ದಾರೆ ಎಂಬುದನ್ನೇ ಮುಂದಿಟ್ಟು, ನ್ಯಾಯ ಇಲಾಖೆಯ ವಕೀಲರು 2005ರ ಮೆಮೊಗಳಲ್ಲಿ ಇದು ಚಿತ್ರಹಿಂಸೆಯಲ್ಲ ಎಂದು ಬರೆದರು. ಸ್ಟೆತಸ್ಕೋಪೇ ಪರವಾನಗಿಯಾಯಿತು.

ಮೆಡಿಕಲ್ ಕೌನ್ಸಿಲ್ ಇದೆಯಲ್ಲ ಎನ್ನುತ್ತೀರಿ. ಬಿಡುಗಡೆಯಾದ ದಾಖಲೆಗಳಲ್ಲಿ ಆ ವೈದ್ಯರ ಹೆಸರುಗಳಿಗೆ ಕಪ್ಪು ಮಸಿ ಬಳಿದಿದೆ. ಯಾರ ಮೇಲೆ, ಯಾರು ದೂರು ಕೊಡುವುದು? ಈ ವಿಚಾರಣಾ ವಿಧಾನಗಳನ್ನು ರೂಪಿಸಿದವರಲ್ಲೊಬ್ಬರಾದ, ಹೆಸರು ಬಯಲಾಗಿದ್ದ ಮನಶ್ಶಾಸ್ತ್ರಜ್ಞ ಜೇಮ್ಸ್ ಮಿಚೆಲ್ ಮೇಲೆ ಟೆಕ್ಸಾಸ್‌ನ ಪರವಾನಗಿ ಮಂಡಳಿಗೆ ದೂರು ಹೋಯಿತು. 2011ರಲ್ಲಿ ಅದು ವಜಾ ಆಯಿತು. ಕ್ರಿಮಿನಲ್ ತನಿಖೆಯೂ 2012ರಲ್ಲಿ ಒಬ್ಬರ ಮೇಲೂ ಆರೋಪ ಹೊರಿಸದೆ ಮುಗಿಯಿತು. ಕಾಂಕ್ರೀಟ್ ನೆಲದಲ್ಲಿ ಸರಪಳಿ ಬಿಗಿದು, ಅರೆಬೆತ್ತಲೆ ಕೂರಿಸಿದ್ದ ಗುಲ್ ರಹಮಾನ್ 2002ರ ನವೆಂಬರ್‌ನಲ್ಲಿ ಅಫ್ಘಾನಿಸ್ತಾನದ ಸೆರೆಯಲ್ಲಿ ಚಳಿಗೆ ಸತ್ತದ್ದೂ ಆ ತನಿಖೆಯಲ್ಲೇ ಸೇರಿತ್ತು.

ಹಾಗಾದರೆ ಇನ್‌ಸ್ಪೆಕ್ಟರ್ ಜನರಲ್ ಇದ್ದರಲ್ಲ, ಅದು ಸಾಲದೇ? ಅಧ್ಯಕ್ಷರು ನೇಮಿಸಿ ಸೆನೆಟ್ ಒಪ್ಪುವ ಆ ಹುದ್ದೆ ಸಿಐಎಗೆ ಬಂದದ್ದು 1989ರ ಕಾನೂನಿನಿಂದ. ಹೆಲ್ಗರ್ಸನ್ ವರದಿ ಬಂದದ್ದೂ ಅದರಿಂದಲೇ. ಆದರೆ 2007ರಲ್ಲಿ ನಿರ್ದೇಶಕ ಮೈಕೆಲ್ ಹೇಡನ್ ಅದೇ ಇನ್‌ಸ್ಪೆಕ್ಟರ್ ಜನರಲ್ ಕಚೇರಿಯ ಮೇಲೆಯೇ ಒಳತನಿಖೆ ಮಾಡಿಸಿದರು. 2014ರ ಡಿಸೆಂಬರ್‌ನಲ್ಲಿ ಸೆನೆಟ್ ಸಮಿತಿ ತನ್ನ ವರದಿಯ ಸಾರಾಂಶ ಹೊರತಂದಾಗಲೇ ಜಗತ್ತಿಗೆ ಪೂರ್ತಿ ಅಂದಾಜು ಸಿಕ್ಕಿದ್ದು. ಒಟ್ಟು 119 ಕೈದಿಗಳು. ಅವರಲ್ಲಿ ಕನಿಷ್ಠ 26 ಮಂದಿಯನ್ನು ಸಂಸ್ಥೆಯ ಸ್ವಂತ ಮಾನದಂಡದ ಪ್ರಕಾರವೂ ಹಿಡಿದಿಡುವಂತಿರಲಿಲ್ಲ.

ಕೈದಿಗಳ ಮಾತು ಬಿಡಿ, ಭಯೋತ್ಪಾದಕರ ಪರ ವಕಾಲತ್ತು ಎನ್ನುವವರಿದ್ದಾರೆ. (ನೀವು ಹಾಗೆಂದಿಲ್ಲ. ಅದೇ ಅಂಚೆಯಲ್ಲಿ ಬಂದ ಇನ್ನೊಂದು ಪತ್ರದಲ್ಲಿತ್ತು.) ಸ್ವಂತ ನೌಕರರ ಗತಿ ನೋಡಿ. ಮಾರ್ಕ್ ಪಾಲಿಮೆರೊಪೊಲಸ್ ಎಂಬ ಹಿರಿಯ ಅಧಿಕಾರಿ 2017ರ ಡಿಸೆಂಬರ್‌ನಲ್ಲಿ ಮಾಸ್ಕೋದ ಹೋಟೆಲಿನಲ್ಲಿ ತಲೆ ಗಿರ್ರೆಂದು ಎಚ್ಚರಗೊಂಡರು. 'ಹವಾನಾ ಸಿಂಡ್ರೋಮ್' ಎಂದು ಹೆಸರಾದ, ವಿದೇಶಗಳಲ್ಲಿದ್ದ ಅಮೆರಿಕದ ಅಧಿಕಾರಿಗಳಲ್ಲಿ ಕಂಡ ತೊಂದರೆ. ತಲೆನೋವು ಹೋಗಲೇ ಇಲ್ಲ. 2019ರಲ್ಲಿ ನಿವೃತ್ತಿ ತೆಗೆದುಕೊಂಡರು. ಸಂಸ್ಥೆಯ ವೈದ್ಯರು ಅವರ ಮಾತಿಗೆ ಸೊಪ್ಪು ಹಾಕಲಿಲ್ಲ. ಪತ್ರಿಕೆಯ ಮುಂದೆ ಬಾಯಿಬಿಟ್ಟ ಮೇಲೆಯೇ ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯ ಬಾಗಿಲು ತೆರೆಯಿತು. 2021ರ ಸೆಪ್ಟೆಂಬರ್‌ನಲ್ಲಿ ನಿರ್ದೇಶಕ ವಿಲಿಯಂ ಬರ್ನ್ಸ್ ಜೊತೆ ಭಾರತಕ್ಕೆ ಬಂದಿದ್ದ ಅಧಿಕಾರಿಯೊಬ್ಬರಿಗೂ ಇಂಥದೇ ಲಕ್ಷಣ ಕಂಡ ಸುದ್ದಿ ನಿಮಗೆ ನೆನಪಿರಬಹುದು.

ಕಾರಣ ಶತ್ರುದೇಶದ ಆಯುಧವೋ ಬೇರೇನೋ ಎಂಬ ಜಗಳ ಇನ್ನೂ ನಡೆದಿದೆ. ನನ್ನ ವಾದಕ್ಕೆ ಅದು ಮುಖ್ಯವಲ್ಲ. ಕಾಯಿಲೆಯವನ ಪಾಡು ಮುಖ್ಯ. ಹೊರಗಿನ ಡಾಕ್ಟರ ಬಳಿ ಹೋದರೆ 'ಎಲ್ಲಿದ್ದಿರಿ, ಏನು ಮಾಡುತ್ತಿದ್ದಿರಿ' ಎಂಬ ಮೊದಲ ಪ್ರಶ್ನೆಗೇ ಉತ್ತರ ಹೇಳುವಂತಿಲ್ಲ. ಒಳಗಿನ ಡಾಕ್ಟರು ನಂಬದಿದ್ದರೆ ಬೇರೆ ದಾರಿಯಿಲ್ಲ. ಓಲ್ಸನ್ ಕತೆಯೇ ಮತ್ತೆ. ಇನ್ನೂ ಕೆಟ್ಟದ್ದೆಂದರೆ, ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಇಂಥ ರೋಗಿಗಳ ಮೇಲೆ ನಡೆಸುತ್ತಿದ್ದ ಅಧ್ಯಯನವನ್ನು 2024ರ ಆಗಸ್ಟ್‌ನಲ್ಲಿ ನಿಲ್ಲಿಸಬೇಕಾಯಿತು. ಕೆಲವರು ಮನಸಾರೆ ಒಪ್ಪಿ ಬಂದವರಲ್ಲ, ಒತ್ತಡಕ್ಕೆ ಬಂದವರು ಎಂದು ಆ ಆರೋಗ್ಯ ಸಂಸ್ಥೆಯ ಒಳವಿಚಾರಣೆಯೇ ಕಂಡುಕೊಂಡಿತು. ಒತ್ತಡ ಹಾಕಿದ್ದು ತಾನಲ್ಲ ಎಂದೂ ಹೇಳಿತು. ಚಿಕಿತ್ಸೆ ಬೇಕಾದರೆ ಅಧ್ಯಯನಕ್ಕೆ ಸೇರಬೇಕು ಎಂದು ಸಿಐಎ ತಮ್ಮನ್ನು ಕಳಿಸಿತು ಎಂಬುದು ಆ ನೌಕರರ ದೂರು.

ಅಲ್ಲಿನ ಸಂಸತ್ತು 2022ರ ಕಾನೂನಿನಲ್ಲಿ ಸಿಐಎಗೆ ಒಂದು ವೈದ್ಯಕೀಯ ಸಲಹಾ ಮಂಡಳಿಯನ್ನು ತಂದಿತು. ವೈದ್ಯಕೀಯ ವಿಭಾಗವನ್ನು ಅಧ್ಯಯನ ಮಾಡಿ ಸಂಸತ್ತಿನ ಸಮಿತಿಗಳಿಗೆ ವರದಿ ಕೊಡುವುದು ಅದರ ಕೆಲಸ. ಅಂದರೆ ಗುಟ್ಟಿನ ಮನೆಗೆ ಊರವರೆಲ್ಲ ಬರಬೇಕಿಲ್ಲ. ಬೀಗದ ಕೈ ಇರುವ ನಾಲ್ಕು ಜನ ಸಾಕು, ಆ ಮನೆಯ ಸಂಬಳ ತಿನ್ನದವರು. ಹಾಗೆಂದು ಎಲ್ಲ ಸರಿಹೋಗಲಿಲ್ಲ. 2024ರ ಡಿಸೆಂಬರ್‌ನಲ್ಲೂ ಸೆನೆಟ್ ಸಮಿತಿ, ಅಸ್ವಸ್ಥ ನೌಕರರಲ್ಲಿ ಅನೇಕರಿಗೆ ಸಕಾಲಕ್ಕೆ ಚಿಕಿತ್ಸೆ ಸಿಗಲಿಲ್ಲ ಎಂದೇ ಬರೆಯಿತು. ಸಲಹೆ ಕೊಡುವ ಮಂಡಳಿಗೂ ಆಜ್ಞೆ ಮಾಡುವ ಮಂಡಳಿಗೂ ಇರುವ ಅಂತರ ಅದು.

ಇನ್ನು ನಮ್ಮ ದೇಶದ ವಿಷಯವನ್ನೂ ಪತ್ರದಲ್ಲಿ ಕೇಳಿದ್ದೀರಿ. ಸತ್ಯ ಹೇಳಿಸುವ ಮದ್ದು ಎಂದು ಸಿಐಎ ವೈದ್ಯರು ಮಿಡಜೋಲಮ್ ಬಳಸುವ ಯೋಚನೆ ಮಾಡಿ ಕೊನೆಗೆ ಕೈಬಿಟ್ಟದ್ದು, ನಾಗರಿಕ ಹಕ್ಕುಗಳ ಸಂಘಟನೆಯೊಂದು ಕೋರ್ಟಿಗೆ ಹೋದ ಮೇಲೆ 2018ರಲ್ಲಿ ಹೊರಬಿತ್ತು. ಸಿಐಎ ಆ ಯೋಚನೆ ಮಾಡುತ್ತಿದ್ದ ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ ನಮ್ಮ ಬೆಂಗಳೂರು, ಮದ್ದು ಕೊಟ್ಟು ಬಾಯಿಬಿಡಿಸುವ ನಾರ್ಕೊ ಪರೀಕ್ಷೆಗೆ ದೇಶಕ್ಕೇ ಹೆಸರುವಾಸಿಯಾಗಿತ್ತು. ಛಾಪಾ ಕಾಗದ ಹಗರಣದ ತೆಲಗಿಯ ತೊದಲು ಮಾತನ್ನು ಟೀವಿಯಲ್ಲಿ ಕಂಡವರು ನಾವು. ಅದಕ್ಕೆ ಲಗಾಮು ಹಾಕಿದ್ದು ಮದ್ದು ಚುಚ್ಚಿದ ವೈದ್ಯರ ಪ್ರತಿಜ್ಞೆಯಲ್ಲ, ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದ ತೀರ್ಪು. 2010ರ ಮೇ 5ರಂದು ಸುಪ್ರೀಂ ಕೋರ್ಟ್, ಒಪ್ಪಿಗೆಯಿಲ್ಲದ ನಾರ್ಕೊ ಸಂವಿಧಾನಬಾಹಿರ ಎಂದಿತು. ಆದರೆ ನಮ್ಮ ಗೂಢಚಾರ ಸಂಸ್ಥೆಗಳಾದ ಐಬಿ, ರಾಗಳಿಗೆ ಸಂಸತ್ತು ಮಾಡಿದ ಪ್ರತ್ಯೇಕ ಕಾನೂನೇ ಇಲ್ಲ. ಐಬಿಯಿಂದ ನಿವೃತ್ತರಾದ ಆರ್.ಎನ್. ಕುಲಕರ್ಣಿ 2012ರಲ್ಲಿ ನಮ್ಮ ಹೈಕೋರ್ಟಿನಲ್ಲೇ ಆ ಪ್ರಶ್ನೆ ಎತ್ತಿದ್ದರು. ಸಂಸ್ಥೆಗೇ ಕಾನೂನಿಲ್ಲದಿರುವಾಗ ಅದರ ವೈದ್ಯರ ಮೇಲ್ವಿಚಾರಣೆಯ ಮಾತು ದೂರವೇ ಉಳಿಯಿತು.

ಕೊನೆಗೆ, ನೀವು ಹಿಡಿದ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಮಿಚೆಲ್ ಮತ್ತು ಬ್ರೂಸ್ ಜೆಸ್ಸೆನ್ ಇಬ್ಬರನ್ನು ನಮ್ಮ ಲೇಖನ 'ಸಿಐಎ ವೈದ್ಯರು' ಎಂದಿತ್ತು. ಅವರು ವೈದ್ಯರಲ್ಲ, ಗುತ್ತಿಗೆಯ ಮನಶ್ಶಾಸ್ತ್ರಜ್ಞರು. ಅವರ ಕಂಪನಿಗೆ ಸಂದಾಯವಾದದ್ದು 8.1 ಕೋಟಿ ಡಾಲರ್. ಕೈದಿಗೆ ನೀರು ಹಾಕಿದವರೂ ಅವರೇ, ಅವನ ಮನಸ್ಸು ಇನ್ನಷ್ಟು ತಡೆದುಕೊಳ್ಳುತ್ತದೆ ಎಂದು ಷರಾ ಬರೆದವರೂ ಅವರೇ. ತಿದ್ದುಪಡಿ ಈ ಸಂಚಿಕೆಯ ನಾಲ್ಕನೇ ಪುಟದಲ್ಲಿದೆ.

— ಸಂಪಾದಕ