ಕೆಂಪು ಗೀಟು ಹಾಕಿದ ಸಾಲು

ಕಾಸರಗೋಡಿನ ಕಡೆಯ ಹುಡುಗ, ವಯಸ್ಸು ಇಪ್ಪತ್ತಮೂರು. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ನಾಲ್ವರ ಪಂಕ್ ಬ್ಯಾಂಡಿನಲ್ಲಿ, ಅಂದರೆ ಸಿಟ್ಟನ್ನು ಕಿರುಚಿ ಹಾಡುವ ರಾಕ್ ತಂಡದಲ್ಲಿ, ಗಿಟಾರ್ ನುಡಿಸುತ್ತಾನೆ, ಹಾಡೂ ಬರೆಯುತ್ತಾನೆ. ರಾತ್ರಿ ನಿದ್ದೆ ಇಲ್ಲ, ಪ್ರಾಕ್ಟೀಸ್ ಇದ್ದ ದಿನ ಹೊಟ್ಟೆ ತೊಳಸುತ್ತದೆ ಅಂತ ನನ್ನ ಹತ್ತಿರ ಸಲಹೆಗೆ ಬಂದಿದ್ದ. ಇಂಥವರು ಮೊದಲೂ ಬಂದಿದ್ದಾರೆ, ಬೀದಿನಾಟಕದ ತಂಡದಿಂದ, ಪಕ್ಷದ ಹಾಡಿನ ತಂಡದಿಂದ. ಮತ್ತೆ ಮತ್ತೆ ನೋಡಿದ್ದಕ್ಕೇ ಬರೆಯುತ್ತಿದ್ದೇನೆ.

ಬ್ಯಾಂಡ್ ಹುಟ್ಟಿದ್ದು ಎಂಡೋಸಲ್ಫಾನ್ ಕೀಟನಾಶಕದ ಮೇಲಿನ ಸಿಟ್ಟಿನಿಂದ. ಇಲ್ಲಿನ ಗೇರುತೋಟಗಳ ಮೇಲೆ ಇಪ್ಪತ್ತಕ್ಕೂ ಜಾಸ್ತಿ ವರ್ಷ ಹೆಲಿಕಾಪ್ಟರಿನಿಂದ ಆ ವಿಷ ಸುರಿದರು. ಹುಡುಗ ಹುಟ್ಟುವ ಮೊದಲೇ ಅದು ನಿಂತಿತ್ತು. ಆದರೆ ಅವನ ಅಕ್ಕ ಇವತ್ತಿಗೂ ಹಾಸಿಗೆಯಲ್ಲೇ ಇದ್ದಾಳೆ.

ಮೂರನೇ ಭೇಟಿಗೆ ಒಂದು ನೋಟ್‌ಬುಕ್ ತಂದ. ಅಕ್ಕನ ಬಗ್ಗೆ ಬರೆದ ಹಾಡು. ಜಗಲಿಗೆ ಗೇರುಹಣ್ಣಿನ ವಾಸನೆ ಬಂದಾಗ ಅವಳು ಮುಖ ತಿರುಗಿಸಿ ನಗುತ್ತಾಳೆ ಅಂತ ಒಂದು ಸಾಲು. ಆ ಸಾಲಿನ ಮೇಲೆ ಪೇಪರ್ ಹರಿಯುವಷ್ಟು ಒತ್ತಿ ಎಳೆದ ಕೆಂಪು ಗೀಟು. ಪಕ್ಕದಲ್ಲಿ, ಬ್ಯಾಂಡಿನಲ್ಲಿ ಹಾಡುವ ಗೆಳೆಯನ ಅಕ್ಷರ: ‘ಇದರಲ್ಲಿ ರಾಜಕೀಯ ಎಲ್ಲುಂಟು?’

ಆ ಗೆಳೆಯನ ಬಾಯಲ್ಲಿ ಯಾವಾಗಲೂ ಇಂಗ್ಲೆಂಡಿನ ಕ್ರಾಸ್ ಬ್ಯಾಂಡ್. ಅಂಗಡಿಯವರು ಜಾಸ್ತಿ ತಗೊಳ್ಳಬಾರದು ಅಂತ ರೆಕಾರ್ಡ್ ಕವರಿನ ಮೇಲೆಯೇ ಬೆಲೆ ಅಚ್ಚು ಹಾಕಿಸಿದವರು. ಅಲ್ಲಿನದೇ ಇನ್ನೊಂದು ಪಂಕ್ ಬ್ಯಾಂಡ್ ಕ್ಲ್ಯಾಶ್ 1977ರಲ್ಲಿ ದೊಡ್ಡ ರೆಕಾರ್ಡ್ ಕಂಪನಿಗೆ ಸಹಿ ಹಾಕಿತಲ್ಲ, ಅವರು ಮಾರಿಕೊಂಡವರಂತೆ. ‘ನೀನೂ ಅದೇ ದಾರಿ’ ಅಂದನಂತೆ.

ನಾನು ಕೇಳಿದೆ, “ನಿನಗೆ ಸಿಟ್ಟಿಲ್ವಾ?”

ತುಂಬಾ ಹೊತ್ತು ಸುಮ್ಮನಿದ್ದ. ಆಮೇಲೆ, “ಅಕ್ಕನಿಗೆ ಗಂಜಿ ಕುಡಿಸಿ, ಬಟ್ಟೆ ಬದಲಿಸಿ ಪ್ರಾಕ್ಟೀಸಿಗೆ ಹೋಗ್ತೇನೆ ಮೇಡಂ. ಆಗ ನನಗೆ ಸಿಟ್ಟು ಬರುವುದಿಲ್ಲ. ಸುಸ್ತು ಬರ್ತದೆ. ಅಲ್ಲಿ ಸಿಟ್ಟು ಬಂದ ಹಾಗೆ ಮಾಡ್ಬೇಕು” ಅಂದ.

ಹೊಟ್ಟೆ ತೊಳಸುತ್ತಿದ್ದುದು ಇದಕ್ಕೇ. ದಿನಾ ಆ ನೋವನ್ನು ಎತ್ತಿ ಮಲಗಿಸುವವನು ತನ್ನ ನಿಷ್ಠೆಗೆ ಕಿರುಚಿ ಸಾಕ್ಷಿ ಕೊಡಬೇಕಾಗಿತ್ತು.

ಬ್ಯಾಂಡ್ ಬಿಡು ಅಂತ ನಾನು ಹೇಳಲಿಲ್ಲ. ಬರದ ಸಿಟ್ಟನ್ನು ತೋರಿಸಬೇಡ ಅಂದೆ. ಗೆಳೆಯನ ಜೊತೆ ವಾದಕ್ಕೆ ಇಳಿಯಬೇಡ, ಈಗ ನನಗೆ ಹೇಳಿದ್ದನ್ನೇ ಅವನಿಗೂ ಹೇಳು. ಸಾಧ್ಯವಾದರೆ ಒಂದು ದಿನ ಮನೆಗೆ ಕರೆದು ಅಕ್ಕನ ಹತ್ತಿರ ಕೂರಿಸು. ಆ ಒಂದು ಹಾಡನ್ನು ಮಾತ್ರ ಯಾರಿಗೂ ತಿದ್ದಲು ಕೊಡಬೇಡ.

ಹೋರಾಟದಲ್ಲಿರುವ ಗೆಳತಿಯೊಬ್ಬಳು ಇದನ್ನು ಕೇಳಿ, “ಹುಡುಗನನ್ನು ತಣ್ಣಗೆ ಮಾಡಿಬಿಟ್ಟೆ” ಅಂದಳು. ನಾನು ಒಪ್ಪುವುದಿಲ್ಲ. ಮಾರಿಕೊಂಡರು ಅನ್ನಿಸಿಕೊಂಡ ಅದೇ ಕ್ಲ್ಯಾಶ್, ಮರುವರ್ಷ ಲಂಡನ್ನಿನ ವಿಕ್ಟೋರಿಯಾ ಪಾರ್ಕಿನಲ್ಲಿ ಜನಾಂಗ ದ್ವೇಷದ ವಿರುದ್ಧ ಸಾವಿರಾರು ಜನರ ಎದುರು ಹಾಡಿತು. ಅಷ್ಟು ಬೇಗ ಯಾರನ್ನಾದರೂ ದ್ರೋಹಿ ಅನ್ನುವುದು ನನಗೆ ಭಯ ಹುಟ್ಟಿಸುತ್ತದೆ. ಘೋಷಣೆ ಬೇಡ ಅನ್ನುವವಳಲ್ಲ ನಾನು. ವಿಷ ಸುರಿದವರ ವಿರುದ್ಧ ಕೂಗದೆ ಇದ್ದಿದ್ದರೆ 2011ರಲ್ಲಿ ಸುಪ್ರೀಂ ಕೋರ್ಟ್ ಎಂಡೋಸಲ್ಫಾನ್ ನಿಷೇಧಿಸುತ್ತಿತ್ತಾ? ಆದರೆ ಗೆಳೆಯನ ಎದೆ ಬಗೆದು ಸಿಟ್ಟು ಎಷ್ಟುಂಟು ಅಂತ ಅಳೆಯುವುದು ಹೋರಾಟ ಅಲ್ಲ. ಹಾಗೆ ಅಳೆಸಿಕೊಂಡು ಹಾಡನ್ನೂ ಹೋರಾಟವನ್ನೂ ಒಟ್ಟಿಗೆ ಬಿಟ್ಟು ಹೋದ ಹುಡುಗರನ್ನು ನಾನು ನೋಡಿದ್ದೇನೆ.

ಕಳೆದ ತಿಂಗಳು ಮತ್ತೆ ಬಂದಿದ್ದ. ನಿದ್ದೆ ಸ್ವಲ್ಪ ಬರುತ್ತಿದೆಯಂತೆ. ಗೆಳೆಯನನ್ನು ಇನ್ನೂ ಮನೆಗೆ ಕರೆದಿಲ್ಲ. ನೋಟ್‌ಬುಕ್ ತೆಗೆದು ತೋರಿಸಿದ. ಕೆಂಪು ಗೀಟಿನ ಕೆಳಗೆ ಗೇರುಹಣ್ಣಿನ ಸಾಲನ್ನು ಪುನಃ ಬರೆದಿದ್ದ, ಈ ಸಲ ಅಕ್ಕನ ಹೆಸರು ಸೇರಿಸಿ.